ಶಾಲೆಗೆ ಬೇಡವಾದ ಶೀಟು

ಹಂಚಿನಕ್ಕನ ಮನೆಯ ತಗಡಿನಲ್ಲಿ ಹನ್ನೊಂದು ತೂತು. ದೊಡ್ಡವನ್ನು ಮಾತ್ರ ಎಣಿಸಿದ್ದು. ಸಣ್ಣವನ್ನು ಎಣಿಸುವ ಪುರುಸೊತ್ತು ಅವಳಿಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಊರವರ ಮನೆಗಳಿಗೆ ಹಂಚು ಹೊರುವವಳು, ತನ್ನ ತಲೆ ಮೇಲೆ ಏನಿದೆ ಎಂದು ನೋಡುವುದು ಮಳೆ ಬಂದಾಗ ಮಾತ್ರ.

ಆ ತಗಡು ಇಪ್ಪತ್ತೆರಡು ವರ್ಷದ್ದು. ಮೊದಲು ತಗಡಿಗೆ ತುಕ್ಕು ಹಿಡಿದಿತ್ತು, ಈಗ ತುಕ್ಕೇ ತಗಡನ್ನು ಹಿಡಿದುಕೊಂಡಿತ್ತು. ಅದರ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲು ಹಾರದಂತೆ ಕಲ್ಲು, ಕಲ್ಲು ಸಾಲದ ಕಡೆ ಸವೆದ ಟೈರು. ಮಳೆ ಬಂದಾಗಲೆಲ್ಲ ಅತ್ತೆಯ ಮಂಚವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯಬೇಕು. ಸೊಂಟ ಬಿದ್ದುಹೋದ ಮುದುಕಿ. ನಾಲಿಗೆಗೆ ಮಾತ್ರ ಯಾವ ರೋಗವೂ ಇಲ್ಲ. ಕಾಲು ಹೋದರೂ ತನಗೆ ತಿರುಗಾಟ ತಪ್ಪಲಿಲ್ಲ ಎಂದು ಮಂಚದ ಮೇಲಿಂದಲೇ ನಗುತ್ತಿದ್ದಳು.

ಊರಿನ ಮನೆಗಳು ಹಂಚಿನಕ್ಕನಿಗೆ ಗೊತ್ತಿದ್ದದ್ದು ಕಣ್ಣಿನಿಂದಲ್ಲ, ಕತ್ತಿನಿಂದ. ಡಾಕ್ಟರ ಮನೆ ಎಂದರೆ ಎರಡು ಅಂತಸ್ತು, ಒಂದು ಸಲಕ್ಕೆ ಹನ್ನೆರಡು ಹಂಚು, ಬಲ ಮೊಣಕಾಲಿನ ನೋವು. ವಕೀಲರ ಮನೆ ಎಂದರೆ ಹೊಸ ಹಂಚು, ಅಂಚು ಹರಿತ, ಸಿಂಬೆಯನ್ನೂ ದಾಟಿ ನೆತ್ತಿ ಕುಯ್ದದ್ದು. ನೆತ್ತಿಯ ನಡುವೆ ಅಂಗೈಯಗಲ ಕೂದಲೇ ಇರಲಿಲ್ಲ. ಅಲ್ಲಿ ಸಿಂಬೆ ಕೂತು ಕೂತು ಚರ್ಮ ದಪ್ಪಗಾಗಿತ್ತು. ಮೂವತ್ತು ವರ್ಷ ಹಂಚು ಹೊತ್ತಳು. ಅವಳ ಮನೆಗೆ ಒಂದು ಹಂಚೂ ಬರಲಿಲ್ಲ.

ಬಾರದ್ದಕ್ಕೆ ಬಡತನವೊಂದೇ ಕಾರಣವಲ್ಲ. ಅವಳಿದ್ದ ಓಣಿಯಲ್ಲಿ ಏಳು ಮನೆ. ಓಣಿಯ ಜಾಗ ಎದುರಿನ ದೊಡ್ಡ ಶಾಲೆಯ ಟ್ರಸ್ಟಿನದು. ಓಣಿಯವರ ಅಜ್ಜಂದಿರು ಆ ಶಾಲೆಯ ಪಾಯ ತೋಡಲು ಬಂದವರು, ಅಲ್ಲೇ ಉಳಿದರು. ಈಗಲೂ ಆ ಶಾಲೆಯ ಕಸ ಗುಡಿಸುವುದು, ಪಾಯಿಖಾನೆ ತೊಳೆಯುವುದು ಈ ಓಣಿಯವರೇ. ಈ ಓಣಿಯ ಒಂದು ಮಗುವೂ ಆ ಶಾಲೆಯ ಬೆಂಚಿನ ಮೇಲೆ ಕೂತಿಲ್ಲ. ಟ್ರಸ್ಟಿನ ಕಟ್ಟಳೆ ಒಂದಿತ್ತು: ಓಣಿಯಲ್ಲಿ ತಗಡು ಹಾಕಬಹುದು, ಶೀಟು ಹಾಕಬಹುದು, ಹಂಚು ಹಾಕುವಂತಿಲ್ಲ. ಹಂಚು ಹಾಕಿದರೆ ಮನೆ ಖಾಯಂ ಆಗುತ್ತದೆ, ನಾಳೆ ಜಾಗವೂ ನಮ್ಮದೇ ಎನ್ನುತ್ತೀರಿ ಎಂದು ಅವರ ಲೆಕ್ಕಾಚಾರ. ಮೂರು ತಲೆಮಾರು ಹುಟ್ಟಿ ಸತ್ತ ಮನೆಗಳು ಅವರ ಕಾಗದದಲ್ಲಿ ಇನ್ನೂ ತಾತ್ಕಾಲಿಕ.

ಈ ಸಲ ಮಾಡು ಬದಲಿಸದೆ ಗತ್ಯಂತರವಿಲ್ಲ ಎಂದು ಮನೆಯಲ್ಲಿ ಮಾತಾಯಿತು. ಪಕ್ಕದ ಮನೆಯಲ್ಲೇ ಇದ್ದ ಮೈದುನ ಗಾಡಿ ತಳ್ಳುವವನು. ತಗಡೇ ಸರಿ ಎಂದ. ಬೇಗ ಮುಗಿಯುತ್ತದೆ, ಯಾರ ತಂಟೆಯೂ ಇಲ್ಲ. ಅತ್ತೆ ಒಪ್ಪಲಿಲ್ಲ. ಬೇಸಿಗೆಯಲ್ಲಿ ತಗಡಿನ ಕೆಳಗೆ ಮಲಗಿರುವವಳು ತಾನು, ಬಾಣಲೆಯಲ್ಲಿ ಮುಚ್ಚಿಟ್ಟಂತಾಗುವುದು ನಿನಗೇನು ಗೊತ್ತು ಎಂದಳು. ತಾರಸಿಯ ಭಾರವನ್ನು ಮಣ್ಣಿನ ಗೋಡೆ ತಾಳದು. ಶೀಟೂ ತಗಡಿನಂತೆಯೇ ಕಾಯುತ್ತದೆ. ಉಳಿದದ್ದು ಹಂಚು. ಹಂಚಿನ ಮಾತು ಬಂದಾಗ ಮೂವರೂ ಎದುರಿನ ಶಾಲೆಯ ಕಡೆ ನೋಡಿದರು. ಹಂಚಿನಕ್ಕ ಎರಡು ವರ್ಷ ಬಾಯಿ ಕಟ್ಟಿ ಕೂಡಿಟ್ಟದ್ದು ತಗಡಾದರೆ ಇಡೀ ಮನೆಗೆ, ಹಂಚಾದರೆ ಅರ್ಧ ಮನೆಗೆ ಸಾಲುವಷ್ಟಿತ್ತು. ಹಾಗಾಗಿ ತಗಡು ಎಂದೇ ತೀರ್ಮಾನವಾಯಿತು.

ಅಷ್ಟರಲ್ಲಿ ಶಾಲೆಯ ಕೆಲಸ ಬಂತು.

ಶಾಲೆಗೆ ರಜೆ. ಹಳೆಯ ಬೂದು ಬಣ್ಣದ ಸಿಮೆಂಟ್ ಶೀಟುಗಳನ್ನು ಇಳಿಸಿ ಹೊಸದಾಗಿ ಕೆಂಪು ಹಂಚು ಹೊದಿಸಬೇಕು, ಶಾಲೆ ತೆರೆಯುವುದರೊಳಗೆ ಮುಗಿಯಬೇಕು. ಮೇಸ್ತ್ರಿ ಓಣಿಯ ಹೆಂಗಸರನ್ನೇ ಕರೆದ. ಹಂಚಿನಕ್ಕನೇ ಮುಂದಾಳು. ಶೀಟು ಇಳಿಸುವುದು ಹಂಚು ಏರಿಸಿದಂತಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆ ಹಾಕಿದರೆ ಶೀಟು ಪಟ್ಟನೆ ಬಿರಿಯುತ್ತದೆ. ಒಂದು ಒಡೆದರೆ ಆ ದಿನದ ಕೂಲಿ ಹೋಯಿತು. ಅದು ಎಲ್ಲ ಮೇಸ್ತ್ರಿಗಳ ಕಾನೂನು. ಅದಕ್ಕೇ ಇವಳು ಪ್ರತಿ ಬೋಲ್ಟಿಗೂ ಹಿಂದಿನ ದಿನವೇ ಎಣ್ಣೆ ಬಿಟ್ಟಳು. ಮರುದಿನ ಕೈಯಿಂದಲೇ ತಿರುಗಿಸಿದಳು. ಬೆರಳ ಸಂದಿಯಲ್ಲಿ ರಕ್ತ ಬಂದರೂ ಸುತ್ತಿಗೆ ಮುಟ್ಟಲಿಲ್ಲ. ಇಬ್ಬರು ಮೇಲಿಂದ ಹಗ್ಗದಲ್ಲಿ ಇಳಿಬಿಡುವುದು, ಇಬ್ಬರು ಕೆಳಗೆ ತಲೆ ಕೊಡುವುದು. ನಡೆಯುವಾಗ ನಾಲ್ಕು ಕಾಲೂ ಒಂದೇ ಹೆಜ್ಜೆ ಹಾಕಬೇಕು. ಬೂದು ಹುಡಿ ಕಣ್ಣಿಗೆ, ಮೂಗಿಗೆ, ಬೆವರಿನ ಕುತ್ತಿಗೆಗೆ ಮೆತ್ತಿಕೊಂಡಿತು. ಮೇಸ್ತ್ರಿ ಮಾತ್ರ ಮುಖಕ್ಕೆ ದಪ್ಪನೆಯ ಮುಖವಾಡ ಕಟ್ಟಿಕೊಂಡು ದೂರದಲ್ಲಿ ನಿಂತಿದ್ದ. ಹೆಂಗಸರು ಅವನ ಮೋರೆ ನೋಡಿ ನಕ್ಕರು. ಸಾಲಗಾರರಿಂದ ತಪ್ಪಿಸಿಕೊಳ್ಳಲು ಇರಬೇಕು ಎಂದು ಒಬ್ಬಳು ತಮಾಷೆ ಮಾಡಿದಳು.

ನಾಲ್ಕು ದಿನ. ನೂರ ನಲವತ್ತು ಶೀಟು. ಒಂದೂ ಒಡೆಯಲಿಲ್ಲ. ಅಂಗಳದಲ್ಲಿ ಅಂಚಿಗೆ ಅಂಚು ಕೂಡಿಸಿ ಪೇರಿಸಿದರು. ಟ್ರಸ್ಟಿನ ಅಧ್ಯಕ್ಷ ಕಾರಿನಿಂದಿಳಿದು ಬಂದು ಆ ರಾಶಿಯ ಮುಂದೆ ನಿಂತ. ಹಂಚಿನಕ್ಕನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಯಾರೂ ಕೇಳದಿದ್ದರೂ ತಾನೇ ಮುಂದೆ ಹೋಗಿ ಹೇಳಿದಳು.

"ಒಂದಕ್ಕೂ ಚಿಕ್ಕ ಬಿರುಕಿಲ್ಲ ಸ್ವಾಮಿ. ಇನ್ನೂ ಮೂವತ್ತು ವರ್ಷ ಬಾಳಿಕೆ ಬರ್ತವೆ."

ಅಧ್ಯಕ್ಷ ಅವಳನ್ನು ನೋಡಿದ. ರಾಶಿಯನ್ನು ನೋಡಿದ. ಗೇಟಿನಾಚೆಯ ಓಣಿಯನ್ನು ನೋಡಿದ. ಎಂದೂ ಮಾತಾಡಿಸದವನು ಅವತ್ತು ಅವಳ ಮನೆ ಯಾವುದೆಂದು ಕೇಳಿದ.

ಎರಡೇ ದಿನಕ್ಕೆ ಸುದ್ದಿ ಬಂತು. ಶೀಟುಗಳನ್ನು ಟ್ರಸ್ಟು ಓಣಿಯವರಿಗೆ ದಾನ ಕೊಡುತ್ತದಂತೆ. ಮನೆಗೆ ಇಪ್ಪತ್ತರಂತೆ ಏಳು ಮನೆಗೂ. ಮೈದುನ ಕುಣಿದಾಡಿಬಿಟ್ಟ. ನಿಮ್ಮ ಬಾಯಿಂದಲೇ ಆದದ್ದು ಅತ್ತಿಗೆ ಎಂದು ನಾಲ್ಕು ಸಲ ಹೇಳಿದ. ಅವಳಿಗೂ ಹಾಗೇ ಅನಿಸಿತು.

ಮರುದಿನ ಅವಳು ಶಾಲೆಗೆ ಹಂಚು ಏರಿಸುತ್ತಿದ್ದಾಗ ಇಂಜಿನಿಯರಮ್ಮ ಬಂದಳು. ಕೆಲಸದ ಮೇಲ್ವಿಚಾರಣೆಗೆ ಬರುವ ಹೆಂಗಸು. ಬಂದವಳೇ ಶೀಟಿನ ರಾಶಿ ನೋಡಿ ಮೇಸ್ತ್ರಿಯ ಮೇಲೆ ಹರಿಹಾಯ್ದಳು. ಇದನ್ನು ಇನ್ನೂ ಯಾಕೆ ಹೂಳಿಲ್ಲ, ನೀರು ಹೊಡೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವತ್ತೇ ಸಾಗಿಸಬೇಕಿತ್ತಲ್ಲ, ಇಳಿಸುವಾಗ ಹೆಂಗಸರಿಗೆ ಮುಖವಾಡ ಕೊಟ್ಟಿದ್ದೆಯೋ ಇಲ್ಲವೋ ಎಂದೆಲ್ಲ ಕೇಳಿದಳು. ಮೇಸ್ತ್ರಿ ಹಲ್ಲು ಕಿರಿದ.

ಹಂಚಿನಕ್ಕ ಹಂಚಿನ ಹೊರೆ ಕೆಳಗಿಟ್ಟು ಹತ್ತಿರ ಹೋದಳು. ಅದರಲ್ಲಿ ಏನಿದೆಯಮ್ಮಾ ಎಂದಳು. ಇಂಜಿನಿಯರಮ್ಮ ಮೊದಲು ತಡವರಿಸಿದಳು, ಆಮೇಲೆ ಹೇಳಿದಳು. ಅದು ಬರೀ ಸಿಮೆಂಟಲ್ಲ. ಒಳಗೆ ಕಲ್ಲಿನ ನಾರು ಇದೆ, ಕಲ್ನಾರು ಅನ್ನುತ್ತಾರೆ, ಕೂದಲಿಗಿಂತ ಸಣ್ಣದು. ಕೊಯ್ದರೆ, ಉಜ್ಜಿದರೆ, ಹಳತಾದರೆ ಹುಡಿಯಾಗಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಹೋದದ್ದು ಹೊರಗೆ ಬರುವುದಿಲ್ಲ. ಹದಿನೈದು, ಇಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ಶ್ವಾಸಕೋಶ ತಿನ್ನುತ್ತದೆ. ಮಕ್ಕಳ ತಂದೆತಾಯಿ ಗಲಾಟೆ ಮಾಡಿದ್ದಕ್ಕೇ ಶಾಲೆಯವರು ಇದನ್ನು ತೆಗೆಸುತ್ತಿರುವುದು.

"ಹೂಳಬೇಕು ಅಂತ ಟ್ರಸ್ಟಿಗೆ ಬರೆದು ಕೊಟ್ಟಿದ್ದೀನಿ ಕಣಮ್ಮ," ಎಂದಳು. "ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ." ಹೇಳಿ ಕಾರು ಹತ್ತಿದಳು. ಒಳ್ಳೆಯವಳೇ. ಇಂಥ ಒಳ್ಳೆಯವರು ಬರೆದು ಕೊಟ್ಟು ಹೋಗುತ್ತಾರೆ, ಹೊರುವವರು ಹೊರುತ್ತಲೇ ಇರುತ್ತಾರೆ.

ಹಂಚಿನಕ್ಕನ ಗಂಡ ಶೀಟಿನ ಅಂಗಡಿಯಲ್ಲಿ ಹದಿನೆಂಟು ವರ್ಷ ಗರಗಸ ಹಿಡಿದವನು. ಗಿರಾಕಿ ಹೇಳಿದ ಅಳತೆಗೆ ಶೀಟು ಕೊಯ್ದು ಕೊಡುವುದು ಅವನ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೂದು. ಅವನ ಅಂಗಿಯನ್ನು ಅವಳು ಬಾಗಿಲ ಕಂಬಕ್ಕೆ ಬಡಿದು ಹುಡಿ ಕೊಡವುತ್ತಿದ್ದಳು. ಅತ್ತೆ ಆ ಹುಡಿಯನ್ನು ಪೊರಕೆಯಿಂದ ಗುಡಿಸುತ್ತಿದ್ದಳು. ಕೊನೆಯ ಎರಡು ವರ್ಷ ಅವನಿಗೆ ಮಲಗಲು ಆಗಲಿಲ್ಲ. ಕೂತೇ ಉಸಿರೆಳೆದ, ಕೂತೇ ಸತ್ತ. ಬೀಡಿ ಸೇದಿ ಹಾಳಾದ ಎಂದು ಅಂಗಡಿಯವರು ಹೇಳಿ ಕೈತೊಳೆದುಕೊಂಡರು. ಅವನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಆದರೂ ಇವಳು ನಂಬಿದ್ದಳು. ಕದ್ದು ಸೇದಿರಬೇಕು ಎಂದು ಸತ್ತವನನ್ನು ಬೈದಿದ್ದಳು.

ಇಂಜಿನಿಯರಮ್ಮ ಹೋದ ಮೇಲೆ ಏಣಿಯ ಬುಡದಲ್ಲಿ ಕೂತು ಅವಳು ಅತ್ತಳು. ಗಂಡನಿಗಾಗಿ ಅಲ್ಲ. ಹತ್ತು ವರ್ಷ ಅವನನ್ನು ಬೈದದ್ದಕ್ಕೆ. ಮೂವತ್ತು ವರ್ಷ ಬಾಳಿಕೆ ಬರ್ತವೆ ಎಂದ ತನ್ನ ಬಾಯಿಗೆ. ಒಂದು ಶೀಟಾದರೂ ಒಡೆದಿದ್ದರೆ, ಹತ್ತಾದರೂ ಒಡೆದಿದ್ದರೆ ಅದು ಕಸವೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕೂಲಿ ಹೋದೀತೆಂಬ ಭಯ ಬೆರಳುಗಳಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ವಿಷವನ್ನೂ ಜೋಪಾನವಾಗಿ ಇಳಿಸಿ ಕೊಟ್ಟಿದ್ದಳು. ಅತ್ತು ಮುಗಿಸಿ ಎದ್ದಾಗ ಹೊಟ್ಟೆಯಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ.

ಸಂಜೆ ಓಣಿಯಲ್ಲಿ ಎಲ್ಲರಿಗೂ ಹೇಳಿದಳು. ನಂಬಿದವರೂ ಇದ್ದರು, ನಂಬದವರೂ ಇದ್ದರು. ಮೈದುನ ನಂಬಿದ, ಆದರೂ ಬಿಡಲಿಲ್ಲ.

"ಅತ್ತಿಗೆ, ರೋಗ ಬರೋದು ಇಪ್ಪತ್ತು ವರ್ಷಕ್ಕೆ. ಮಳೆ ಬರೋದು ಇಪ್ಪತ್ತು ದಿನಕ್ಕೆ. ಯಾವುದನ್ನ ಮೊದಲು ನೋಡ್ಲಿ ನಾನು?"

ಅವನ ಕಿರಿಯ ಮಗು ಗೋಡೆಗೊರಗಿ ನಿಂತು ಮಣ್ಣು ಕೆರೆದು ತಿನ್ನುತ್ತಿತ್ತು. ಅತ್ತೆ ಒಳಗಿಂದ ಕೂಗಿ ಹೇಳಿದಳು.

"ನಿನ್ನ ಅಣ್ಣ ಕೂತ್ಕೊಂಡು ಸತ್ತಾಗ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೋಳು ನಾನು ಕಣೋ. ನನ್ನ ಬೆನ್ನನ್ನ ಕೇಳು, ಹೇಳುತ್ತೆ."

ಮೈದುನ ಎದ್ದು ಹೋದ.

ಶನಿವಾರ ಬೆಳಗ್ಗೆ ಶೀಟುಗಳು ಲಾರಿಯಲ್ಲಿ ಓಣಿಗೆ ಬಂದವು. ಏಳು ಮನೆ ಮುಂದೆ ಏಳು ರಾಶಿ. ಹನ್ನೊಂದು ಗಂಟೆಗೆ ಅಧ್ಯಕ್ಷ ಬಂದ. ಅವನಿಗೊಂದು ಕುರ್ಚಿ, ಫೋಟೋದವನಿಗೆ ನಿಲ್ಲಲು ಒಂದು ಸ್ಟೂಲು, ಟ್ರಸ್ಟಿನ ಗುಮಾಸ್ತನ ಕೈಯಲ್ಲಿ ಒಂದು ಕಾಗದ. ಉತ್ತಮ ಸ್ಥಿತಿಯಲ್ಲಿರುವ ಶೀಟುಗಳನ್ನು ಕೃತಜ್ಞತೆಯಿಂದ ಸ್ವೀಕರಿಸಿದ್ದೇವೆ, ಇನ್ನು ಅವುಗಳ ಜವಾಬ್ದಾರಿ ನಮ್ಮದೇ ಎಂದು ಅದರಲ್ಲಿತ್ತು. ಗುಮಾಸ್ತ ಓದಿ ಹೇಳಿದ. ಅಧ್ಯಕ್ಷ ನಾಲ್ಕು ಮಾತಾಡಿದ. ಬಡವರ ಕಣ್ಣೀರು ಒರೆಸುವುದೇ ತನ್ನ ಭಾಗ್ಯ ಎಂದ. ಅವನ ಮೂಗಿನ ಮೇಲೆ ಬಿಳಿ ಕರವಸ್ತ್ರವಿತ್ತು. ಚರಂಡಿಯ ವಾಸನೆಗೆ ಎಂದು ಎಲ್ಲರೂ ತಿಳಿದರು. ಹಂಚಿನಕ್ಕ ಹಾಗೆ ತಿಳಿಯಲಿಲ್ಲ.

ಮೊದಲು ಅವಳನ್ನೇ ಕರೆದರು. ಹೋಗಿ ನಿಂತಳು. ಗುಮಾಸ್ತ ಪೆನ್ನು ಕೊಟ್ಟ. ತೆಗೆದುಕೊಳ್ಳಲಿಲ್ಲ.

"ಸಹಿ ಹಾಕ್ತೀನಿ ಸ್ವಾಮಿ. ಅದಕ್ಕೆ ಮೊದಲು ಇನ್ನೊಂದು ಸಾಲು ಬರೆಸಿ."

ಏನೆಂದು ಅಧ್ಯಕ್ಷ ನಗುನಗುತ್ತಲೇ ಕೇಳಿದ.

"ಈ ಶೀಟು ಉಸಿರಿಗೆ ವಿಷ, ಅದಕ್ಕೇ ನಮ್ಮ ಶಾಲೆ ಮಕ್ಕಳ ತಲೆ ಮೇಲಿಂದ ತೆಗೆಸಿದೀವಿ, ಈಗ ಇವರ ಮಕ್ಕಳ ತಲೆ ಮೇಲೆ ಹಾಕಿಸ್ತಾ ಇದೀವಿ. ಹಾಗಂತ ಬರೆಸಿ. ಕೆಳಗೆ ಮೊದಲು ನೀವು ಸಹಿ ಹಾಕಿ. ಆಮೇಲೆ ನಾನು ಹಾಕ್ತೀನಿ."

ಫೋಟೋದವನು ಕ್ಯಾಮೆರಾ ಇಳಿಸಿದ. ಅಧ್ಯಕ್ಷನ ನಗು ಅರ್ಧದಲ್ಲೇ ನಿಂತಿತು. ಯಾರೋ ತಲೆ ಕೆಡಿಸಿದ್ದಾರೆ, ಕೊಟ್ಟ ಕೈಯನ್ನೇ ಕಚ್ಚುವ ಜನ ನೀವು ಎಂದ. ಇದು ಟ್ರಸ್ಟಿನ ಜಾಗ ಎಂಬುದು ನೆನಪಿರಲಿ ಎಂದೂ ಸೇರಿಸಿದ. ಅವಳು ಅಲ್ಲಿಂದ ಕದಲಲಿಲ್ಲ.

"ನನ್ನ ಗಂಡ ಇದನ್ನೇ ಕೊಯ್ದು ಸತ್ತ. ನಾನು ಇದನ್ನೇ ಹೊತ್ತೆ, ನಾಳೆ ನನಗೇನಾಗುತ್ತೋ ಗೊತ್ತಿಲ್ಲ. ಒಂದು ಮನೆಗೆ ಅಷ್ಟು ಸಾಕು. ನಿಮ್ಮದು ನೀವೇ ತಗೊಂಡೋಗಿ."

ಅಧ್ಯಕ್ಷ ಮುಂದಿನವರನ್ನು ಕರೆಯಿರಿ ಎಂದ. ಮುಂದಿನ ಮನೆ ಮೈದುನನದು. ಅವನು ಬಂದ. ಪೆನ್ನು ತೆಗೆದುಕೊಂಡ. ಬೆರಳ ನಡುವೆ ತಿರುಗಿಸಿದ. ಅತ್ತಿಗೆಯ ಮುಖ ನೋಡಲಿಲ್ಲ, ಅಧ್ಯಕ್ಷನ ಮುಖವನ್ನೇ ನೋಡಿದ. "ಆ ಸಾಲು ಬರೆಸ್ತೀರಾ ಸಾರ್?" ಎಂದ. ಅಧ್ಯಕ್ಷ ಮುಖ ತಿರುಗಿಸಿದ. ಪೆನ್ನನ್ನು ಗುಮಾಸ್ತನ ಜೇಬಿಗೆ ಸಿಕ್ಕಿಸಿ ಬಂದು ಹಂಚಿನಕ್ಕನ ಪಕ್ಕ ನಿಂತ. ಉಳಿದ ಐದು ಮನೆಯವರನ್ನು ಹೆಸರು ಹಿಡಿದು ಕರೆದರೂ ಒಬ್ಬರೂ ಮುಂದೆ ಬರಲಿಲ್ಲ.

ಕಾರು ಹೋಯಿತು. ಶೀಟು ಹೋಗಲಿಲ್ಲ. ಬೇಕಾದರೆ ಹಾಕಿಕೊಳ್ಳಲಿ, ಬೇಡವಾದರೆ ಅಲ್ಲೇ ಬಿದ್ದಿರಲಿ ಎಂದು ಗುಮಾಸ್ತ ಹೇಳಿಹೋದ. ಮೇಸ್ತ್ರಿ ಬಂದು, ಶಾಲೆಯ ಕೊನೆಯ ಸಾಲಿನ ಹಂಚು ಬಾಕಿ ಇದ್ದರೂ, ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದ. ಏಳು ರಾಶಿ ಏಳು ಬಾಗಿಲಿಗೆ ಅಡ್ಡ ಕೂತಿತ್ತು. ಮಕ್ಕಳು ಅದನ್ನು ಹತ್ತಿ ಜಾರುಬಂಡೆ ಮಾಡಿಕೊಂಡವು. ಹಂಚಿನಕ್ಕ ಓಡಿ ಓಡಿ ಇಳಿಸಿದಳು, ಅವು ಮತ್ತೆ ಹತ್ತಿದವು.

ಭಾನುವಾರ ಮಧ್ಯಾಹ್ನ ಅವಳು ಹೇಳಿದಳು, ಬಂದದ್ದನ್ನು ಬಂದ ಕಡೆಗೇ ಕಳಿಸೋಣ. ನೀರು ಚಿಮುಕಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದು ಕಣ ಹುಡಿಯೂ ಹಾರದಂತೆ. ಎದುರಿನ ಶಾಲೆಗೆ ಬರುವವರೂ ಮಕ್ಕಳೇ, ನಮ್ಮ ಜಗಳ ಮಕ್ಕಳ ಮೇಲಲ್ಲ. ಇಷ್ಟು ಶೀಟು ಸುತ್ತಲು ಪ್ಲಾಸ್ಟಿಕ್ಕು ಎಲ್ಲಿದೆ ಎಂದು ಯಾರೋ ಕೇಳಿದರು. ಎಲ್ಲರ ಕಣ್ಣೂ ಒಟ್ಟಿಗೆ ಮೇಲೆ ಹೋಯಿತು. ಓಣಿಯಲ್ಲಿದ್ದ ಪ್ಲಾಸ್ಟಿಕ್ಕೆಲ್ಲ ಮಾಡಿನ ಮೇಲಿತ್ತು.

ಆಗ ಅತ್ತೆ ಮಂಚದಿಂದ ಕೂಗಿದಳು.

"ಮೊದಲು ನನ್ನದು ಕೀಳಿ. ಇಷ್ಟು ದಿನ ತೂತಿಂದ ನೋಡ್ತಿದ್ದೆ ಆಕಾಶಾನ. ಪೂರ್ತಿ ನೋಡ್ತೀನಿ ಬಿಡಿ."

ಹಂಚಿನಕ್ಕ ಏಣಿ ಹಾಕಿ ಹತ್ತಿದಳು. ಟೈರು ತೆಗೆದಳು, ಕಲ್ಲು ತೆಗೆದಳು, ಟಾರ್ಪಾಲು ಎಳೆದಳು. ಅದರ ಜೊತೆ ತಗಡಿನ ಅರ್ಧ ತುಂಡು ತುಂಡಾಗಿ ಎದ್ದು ಬಂತು. ಸಂಜೆಯ ಹೊತ್ತಿಗೆ ಏಳು ಮನೆಗಳೂ ಬೋಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಶೀಟು ಸುತ್ತಿದರು. ಸೋಮವಾರ ನಸುಕಿಗೆ ಮೈದುನನ ಕೈಗಾಡಿಯೂ ಕಸದ ಗಾಡಿಗಳೂ ಹೊರಟವು. ಬೆಳಗಾಗುವಷ್ಟರಲ್ಲಿ ಶಾಲೆಯ ದೊಡ್ಡ ಗೇಟಿನ ಮುಂದೆ, ಕಾರುಗಳು ನಿಲ್ಲುವ ಜಾಗದಲ್ಲಿ, ನೂರ ನಲವತ್ತು ಶೀಟಿನ ನೀಲಿ ಗೋಡೆ ನಿಂತಿತ್ತು. ಅವತ್ತು ಶಾಲೆ ತೆರೆಯುವ ದಿನ.

ಕಾರುಗಳು ಬಂದವು. ತಾಯಂದಿರು ಇಳಿದರು. ಇದೇನು ಎಂದು ಕೇಳಿದರು. ಹಂಚಿನಕ್ಕ ಗೋಡೆಯ ಪಕ್ಕದಲ್ಲೇ ನಿಂತಿದ್ದಳು. ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇದು ನಿಮ್ಮ ಶಾಲೆಯ ಹಳೆ ಶೀಟು. ಚೆನ್ನಾಗಿದೆ ಅಂತ ಅಧ್ಯಕ್ಷರು ನಮಗೆ ಕೊಟ್ಟಿದ್ದರು, ನಮಗೆ ಬೇಡ. ಅಷ್ಟೇ. ಇನ್ನುಳಿದದ್ದನ್ನು ಅವಳು ಹೇಳಬೇಕಾಗಲಿಲ್ಲ, ಅವರೇ ಓದಿಕೊಂಡವರು. ಒಬ್ಬಾಕೆ ಮಗುವಿನ ಮೂಗು ಮುಚ್ಚಿ ಎತ್ತಿಕೊಂಡು ಓಡಿದಳು. ಹತ್ತಾರು ಫೋನುಗಳು ಕಿವಿಗೇರಿದವು. ಓಣಿಯಲ್ಲಿ ಎರಡು ದಿನದಿಂದ ಉತ್ತಮ ಸ್ಥಿತಿಯಲ್ಲಿದ್ದ ಶೀಟು ರಸ್ತೆ ದಾಟಿದ ಕೂಡಲೆ ವಿಷವಾಯಿತು. ಹನ್ನೆರಡು ಗಂಟೆಯೊಳಗೆ ಲಾರಿ ಬಂತು. ಬಿಳಿ ಅಂಗಿ, ಬಿಳಿ ಮುಖವಾಡ, ಕೈಗವಸು ಹಾಕಿದ ಆಳುಗಳು ಬಂದರು. ಒಂದೊಂದು ಕಟ್ಟನ್ನೂ ಹಸುಗೂಸಿನಂತೆ ಎತ್ತಿಟ್ಟುಕೊಂಡು ಹೋದರು. ಈ ಬಿಳಿ ಅಂಗಿಗಳು ಮೊದಲಿನಿಂದಲೂ ಎಲ್ಲೋ ಇದ್ದವು.

ಮಾರನೆಯ ದಿನ ಹಂಚಿನಕ್ಕ ಹಳೆ ಹಂಚಿನ ಅಂಗಡಿಗೆ ಹೋದಳು. ಯಾವುದೋ ಗೋದಾಮು ಕೆಡವಿದಾಗ ಸಿಕ್ಕ ಹಂಚು ಅಲ್ಲಿ ಸಾಲಾಗಿ ನಿಂತಿತ್ತು. ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ಬಡಿದಳು. ಟಣ್ ಎಂದದ್ದು ಈಚೆಗೆ, ಡಬ್ ಎಂದದ್ದು ಆಚೆಗೆ. ಅಂಚಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಬೇಡ. ಅಂಗಡಿಯವನಿಗೆ ತಾಳ್ಮೆ ಕೆಟ್ಟಿತು. ಯಾವ ಮೇಸ್ತ್ರಿ ಕಡೆಯವಳಮ್ಮ ನೀನು, ಅವನನ್ನೇ ಕಳಿಸು ಎಂದ.

"ಯಾರ ಕಡೆಯವಳೂ ಅಲ್ಲ. ನನ್ನ ಮನೆಗೆ," ಎಂದಳು. ಮುಂದಿನ ಹಂಚು ಎತ್ತಿದಳು.

ಅರ್ಧ ಮನೆಗೆ ಸಾಲುವಷ್ಟು ಬಂತು. ಅತ್ತೆ ಮಲಗುವ ಅರ್ಧಕ್ಕೇ ಇರಲಿ ಎಂದಾಯಿತು. ಉಳಿದರ್ಧ ಮುಂದಿನ ವರ್ಷ ನೋಡಿದರಾಯಿತು, ಅಲ್ಲಿಯವರೆಗೆ ಅಳಿದುಳಿದ ತಗಡು. ಮೈದುನ ತೊಲೆ ನಿಲ್ಲಿಸಿದ, ಹಂಚು ಕೂರಲು ಅಡ್ಡಕ್ಕೆ ಮರದ ರೀಪು ಬಡಿದ. ಓಣಿಯ ಹೆಂಗಸರು ನೆಲದಿಂದ ಏಣಿಯ ತುದಿಯವರೆಗೆ ಸಾಲು ನಿಂತು ಕೈಯಿಂದ ಕೈಗೆ ಹಂಚು ದಾಟಿಸಿದರು. ಹಂಚಿನಕ್ಕ ಮೇಲೆ ಕೂತು ಕೆಳಸಾಲಿನಿಂದ ಹೊದಿಸುತ್ತ ಬಂದಳು. ನಡುವೆ ಮೇಸ್ತ್ರಿ ಬಂದು, ಶಾಲೆಯ ಕೊನೆಯ ಸಾಲು ಮುಗಿಸಿಕೊಡಿ, ಬೇರೆಯವರು ಬಂದು ಬರೀ ಒಡೆದು ಹಾಕುತ್ತಿದ್ದಾರೆ ಎಂದು ಗೋಗರೆದ. ನಮ್ಮದು ಮುಗಿಯಲಿ, ಆಮೇಲೆ ಮುಖವಾಡ ಕೊಡುವುದಾದರೆ ಯೋಚಿಸೋಣ ಎಂದು ಅವಳು ಮೇಲಿಂದಲೇ ಹೇಳಿಕಳಿಸಿದಳು.

ಅಷ್ಟರಲ್ಲಿ ಟ್ರಸ್ಟಿನ ಗುಮಾಸ್ತ ಬಂದ. ಕೈಯಲ್ಲಿ ಮತ್ತೊಂದು ಕಾಗದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿದ.

"ಏಯ್, ಹಂಚು ಹಾಕಬಾರದು ಅಂತ ಗೊತ್ತಿಲ್ವಾ? ಯಾರನ್ನ ಕೇಳಿ ಹಾಕ್ತಿದೀಯ? ಇಳಿ ಕೆಳಗೆ."

ಅವಳು ಕೈಯಲ್ಲಿದ್ದ ಹಂಚನ್ನು ರೀಪಿನ ಮೇಲೆ ಕೂರಿಸಿದಳು. ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿತ್ತು. ಆಮೇಲೆ ಕೆಳಗೆ ಬಗ್ಗಿದಳು.

"ನಾನು ಇಳಿಯಲ್ಲ. ಇಳಿಸಬೇಕು ಅಂದ್ರೆ ನೀನೇ ಹತ್ತಿ ಬಾ."

ಗುಮಾಸ್ತ ಏಣಿಯನ್ನು ನೋಡಿದ. ಏಣಿಯ ಬುಡದಿಂದ ತುದಿಯವರೆಗೆ ಹೆಂಗಸರು ನಿಂತಿದ್ದರು. ಒಬ್ಬರೂ ಜಾಗ ಬಿಡಲಿಲ್ಲ. ಅವನು ಕಾಗದವನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

ಹಂಚಿನಕ್ಕ ಕೈ ಚಾಚಿ ಮುಂದಿನ ಹಂಚು ಕೇಳಿದಳು.